ಸೋಸಿದ ಅಂಬಲಿ

ಅರಕೆರೆ ಪಕ್ಕದ ನಮ್ಮೂರಿನ ಹೆಂಗಸರ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ ಬೀಗ ತೆಗೆದರೆ ಏಳೂವರೆವರೆಗೆ ತಲೆ ಎತ್ತೋ ಹಂಗಿಲ್ಲ. ಹಾಲು ಅಳೆಯಬೇಕು, ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡಬೇಕು, ಸ್ಯಾಂಪಲ್ ಎತ್ತಿ ಫ್ಯಾಟು ನೋಡಬೇಕು. ಕ್ಯಾನಿನ ಮುಚ್ಚಳ ತೆಗೆದಾಗ ಹಳೇ ಹಾಲಿನ ವಾಸನೆ ಒಂಚೂರು ಬಂದರೂ ನಾನು ಆ ಹಾಲು ಮುಟ್ಟಲ್ಲ. "ತೊಳ್ಕಂಡ್ ಬಾರಮ್ಮಿ, ಈ ಗಲೀಜಲ್ಲಿ ನಂಗೇನ್ ಗೊತ್ತಾಗ್ತದೆ?" ಅಂತ ಎಲ್ಲರೆದುರಿಗೇ ವಾಪಸ್ಸು ಕಳಿಸ್ತೀನಿ. ಬಾಯಿ ಜೋರು ಅಂತ ಹೆಸರಿದೆ ನನಗೆ. ಇರಲಿ ಬಿಡಿ, ಆ ಬಾಯಿ ಇಲ್ಲದಿದ್ದರೆ ಡೈರಿ ಎಂದೋ ಮುಚ್ಚಿಹೋಗ್ತಿತ್ತು. ಅಂಥವಳನ್ನ ಹೋದ ವರ್ಷ ಮೈಸೂರಿನ ಆಸ್ಪತ್ರೆಯವರು, ಒಳಗೆ ಕ್ಲೀನಾಗಿಲ್ಲ, ತೊಳ್ಕೊಂಡು ಬನ್ನಿ ಅಂತ ವಾಪಸ್ಸು ಕಳಿಸಿದರು.

ಮೊದಲಿಂದ ಹೇಳ್ತೀನಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಅಂದರೆ ನನ್ನ ಮೂವತ್ಮೂರನೇ ವಯಸ್ಸಿಗೆ, ಹೊಟ್ಟೆ ಕೆಟ್ಟಿತು. ಭೇದಿ ಅಂದುಕೊಂಡೆ. ಆಮೇಲೆ ಲೋಳೆ, ಅದರ ಹಿಂದೆ ರಕ್ತ. ದಿನಕ್ಕೆ ಹತ್ತು ಹನ್ನೆರಡು ಸಲ ಹಿತ್ತಲಿಗೆ ಓಟ. ಮೈಸೂರಿನಲ್ಲಿ ಹಿಂದಿನಿಂದ ಕ್ಯಾಮೆರಾ ಟ್ಯೂಬು ಹಾಕಿ ನೋಡಿದ ಡಾಕ್ಟರು, ದೊಡ್ಡ ಕರುಳಿನ ಒಳಪದರ ಈ ತುದಿಯಿಂದ ಆ ತುದಿವರೆಗೆ ಹುಣ್ಣಾಗಿದೆ ಅಂದರು. ಅಲ್ಸರೇಟಿವ್ ಕೊಲೈಟಿಸ್ ಅಂತ ಅದರ ಹೆಸರು. ಊರಲ್ಲಿ ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ಕು ಅಂತಿದ್ದೆ. ರಕ್ತ ಹೋಗೋ ಜಾಗದ ಹೆಸರನ್ನ ಹೆಣ್ಣು ಹೆಂಗಸು ನಾಲ್ಕು ಜನರ ಮುಂದೆ ಹೇಳೋಕಾಗ್ತದಾ? ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟೇ ಆಗಬೇಕು ನನಗೆ, ಹೊಟ್ಟೆ ಮುರಿದರೆ ನಿಲ್ಸಪ್ಪಾ ಅನ್ನೋಕೆ.

ಮಾತ್ರೆ ಕೆಲಸ ಮಾಡಿತು. ಆವಾಗಲೇ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು. ಇದು ವಾಸಿಯಾಗಿ ಹೋಗೋ ಕಾಯಿಲೆ ಅಲ್ಲಮ್ಮ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳೋ ಕಾಯಿಲೆ, ಮಾತ್ರೆ ಬಿಡಬೇಡಿ. ನಿಮಗೆ ಕರುಳು ಪೂರ್ತಿ ಹುಣ್ಣಾಗಿರೋದರಿಂದ ವರ್ಷ ಕಳೆದಷ್ಟೂ ಅಲ್ಲಿ ಕ್ಯಾನ್ಸರ್ ಆಗೋ ಅಪಾಯ ಜಾಸ್ತಿ. ಅದು ಒಂದೇ ಸಲ ಬರಲ್ಲ, ಮೊದಲು ಒಳಪದರದಲ್ಲಿ ಸಣ್ಣ ಬದಲಾವಣೆ ಆಗ್ತದೆ, ಆಗಲೇ ಹಿಡಿದರೆ ಗೆದ್ದಂಗೆ. ಎಂಟು ವರ್ಷ ದಾಟಿದ ಮೇಲೆ ನೋವಿರಲಿ ಇಲ್ಲದಿರಲಿ, ನಾವು ಹೇಳಿದಾಗಲೆಲ್ಲ ಬಂದು ಕರುಳು ತೋರಿಸಿಕೊಂಡು ಹೋಗಿ. ಎಲ್ಲಕ್ಕೂ ತಲೆ ಅಲ್ಲಾಡಿಸಿದೆ. ಒಂಬತ್ತನೇ ವರ್ಷಕ್ಕೆ ಒಂದು ಸಲ ತೋರಿಸಿದೆ ಕೂಡ. ಏನೂ ಇಲ್ಲ, ಚೆನ್ನಾಗಿದೆ ಅಂದರು.

ಚೆನ್ನಾಗಿದೆ ಅಂದಿದ್ದೇ ತಪ್ಪಾಯಿತು. ಚೆನ್ನಾಗಿರೋಳಿಗೆ ಮಾತ್ರೆ ಯಾಕೆ ಅಂತ ಬಿಟ್ಟೇಬಿಟ್ಟೆ. ಟ್ಯೂಬು ಹಾಕಿಸಿಕೊಳ್ಳೋ ಹಿಂಸೆಯೂ ತಪ್ಪಿತು. ಆದರೆ ಮನೆಯಲ್ಲಿ ಹೇಳಲಿಲ್ಲ. ನಮ್ಮತ್ತೆ ದಿನಾ ರಾತ್ರಿ ಉಂಡ ಮೇಲೆ, "ಮಾತ್ರೆ ತಗಂಡ್ಯೇನಮ್ಮಿ?" ಅಂತ ಕೇಳೋರು. "ಊಂ, ತಗಂಡೆ" ಅಂತಿದ್ದೆ. ಗೂಡಿನಲ್ಲಿ ಹಳೇ ಮಾತ್ರೆ ಡಬ್ಬ ಹಂಗೇ ಕೂತಿತ್ತು, ಖಾಲಿ. ಒಂಬತ್ತು ವರ್ಷ ದಿನಾ ಊಂ ಅಂದೆ. ಡೈರಿಯಲ್ಲಿ ಹಾಲಿಗೆ ಒಂದು ಲೋಟ ನೀರು ಬೆರೆಸಿದೋಳ ಜನ್ಮ ಜಾಲಾಡೋಳು ನಾನು, ಮನೆಯಲ್ಲಿ ಈ ಕೆಲಸ.

ನಮ್ಮತ್ತೆ ಬಗ್ಗೆ ಹೇಳಬೇಕು. ಎಪ್ಪತ್ತೈದು ದಾಟಿದೆ. ಹಲ್ಲಿಲ್ಲ, ಆದರೆ ಮಾತಿನಲ್ಲಿ ಕಚ್ಚೋದು ಬಿಟ್ಟಿಲ್ಲ. ನಾನು ಈ ಮನೆಗೆ ಬಂದ ದಿನದಿಂದ ಇಬ್ಬರಿಗೂ ಜಗಳ. ಸಾರಿಗೆ ಉಪ್ಪು ಜಾಸ್ತಿ ಅಂತ, ಹಸುವಿಗೆ ಹುಲ್ಲು ಕಮ್ಮಿ ಅಂತ, ಯಾವುದೂ ಸಿಗದಿದ್ದರೆ ನಿನ್ನೆ ಜಗಳ ಅರ್ಧಕ್ಕೆ ನಿಂತಿತ್ತು ಅಂತ. ನಮ್ಮ ಯಜಮಾನರು ಗದ್ದೆ, ಕಬ್ಬು, ನಾಲೆ ನೀರು ಇಷ್ಟರಲ್ಲೇ ಇರೋ ಮನುಷ್ಯ. ನಾವಿಬ್ಬರೂ ಶುರು ಹಚ್ಚಿಕೊಂಡರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ನಡೆದುಬಿಡೋರು.

ಹೋದ ವರ್ಷ ಮತ್ತೆ ರಕ್ತ ಕಾಣಿಸಿತು. ಒಂದು ತಿಂಗಳು ಮುಚ್ಚಿಟ್ಟೆ. ಮುಖ ಬಿಳಿಚಿಕೊಂಡಿದ್ದು ಮುಚ್ಚಿಡೋಕಾಗಲಿಲ್ಲ. ಯಜಮಾನರು ಬೈಕಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಕರೆದುಕೊಂಡು ಹೋದರು. ಈಗಿನ ಡಾಕ್ಟರು ಬೇರೆ, ವಯಸ್ಸು ಚಿಕ್ಕದು, ಮಾತು ಮೆದು. ಟ್ಯೂಬು ಹಾಕಿ ನೋಡಿ, ಅಲ್ಲಲ್ಲಿ ಚೂರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ನನ್ನನ್ನೂ ಯಜಮಾನರನ್ನೂ ಎದುರಿಗೆ ಕೂರಿಸಿ ಮೊದಲು ಕೇಳಿದ್ದು, "ಮಾತ್ರೆ ಯಾವಾಗ ನಿಲ್ಲಿಸಿದ್ರಿ?"

ಯಜಮಾನರು, "ಇಲ್ಲ ಸಾರ್, ದಿನಾ ತಗೋತಾಳೆ" ಅಂದರು.

ನಾನು ನೆಲ ನೋಡಿದೆ. ಅವರು ನನ್ನ ಮುಖ ನೋಡಿದರು. ಅಷ್ಟೇ, ಎಲ್ಲ ಗೊತ್ತಾಯಿತು ಅವರಿಗೆ. ಬೈಯೋದು ಬಿಟ್ಟು ಕುರ್ಚಿಯನ್ನ ಡಾಕ್ಟರ ಕಡೆಗೆ ಎಳೆದುಕೊಂಡರು.

ಡಾಕ್ಟರು ಬಿಡಿಸಿ ಹೇಳಿದರು. ಒಂದು ಜಾಗದಲ್ಲಿ ತೆಗೆದ ಚೂರಿನಲ್ಲಿ ಜೀವಕೋಶ ಇರಬೇಕಾದ ಹಂಗಿಲ್ಲ, ಬದಲಾಗಿದೆ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇರಬಹುದು, ಅಥವಾ ಹುಣ್ಣು ಜೋರಾಗಿರೋದರಿಂದ ಹಂಗೆ ಕಾಣ್ತಿರಲೂಬಹುದು. ಇನ್ನೊಬ್ಬ ಪರೀಕ್ಷೆ ಡಾಕ್ಟರಿಗೂ ತೋರಿಸಿದ್ದೀವಿ, ಅವರೂ ಖಚಿತ ಹೇಳೋಕಾಗಲ್ಲ ಅಂದಿದಾರೆ. ಮೊದಲು ಮಾತ್ರೆ ಕೊಟ್ಟು ಹುಣ್ಣು ತಣ್ಣಗೆ ಮಾಡೋಣ. ನಾಲ್ಕು ತಿಂಗಳಿಗೆ ಬನ್ನಿ, ಬಣ್ಣ ಚಿಮುಕಿಸಿ ಇಂಚಿಂಚೂ ನೋಡ್ತೀನಿ. ಬದಲಾವಣೆ ನಾಲ್ಕಾರು ಕಡೆ ಹರಡಿದ್ದರೆ, ಇಲ್ಲ ಮುಂದುವರಿದಿದ್ದರೆ, ದೊಡ್ಡ ಕರುಳು ಪೂರ್ತಿ ತೆಗೀಬೇಕಾಗ್ತದೆ.

"ತೆಗೆದ್ರೆ ಆಮೇಲೆ ಎಂಗೆ ಸಾರ್?" ಅಂದೆ.

ಹೊಟ್ಟೆ ಮೇಲೆ ಒಂದು ಚೀಲ ಹಾಕ್ತಾರೆ, ಕೆಲವರಿಗೆ ಸ್ವಲ್ಪ ಕಾಲ, ಕೆಲವರಿಗೆ ಜೀವನ ಪೂರ್ತಿ, ಎಷ್ಟೋ ಜನ ಹಂಗೇ ಆರಾಮಾಗಿದ್ದಾರೆ ಅಂದರು. ನನಗೆ ಆರಾಮು ಅನ್ನೋ ಮಾತು ಕಿವಿಗೇ ಹೋಗಲಿಲ್ಲ. ಚೀಲ ಕಟ್ಟಿಕೊಂಡು ಬಗ್ಗಿ ಕ್ಯಾನು ಎತ್ತೋದು ಹೆಂಗೆ, ಅಂತ ಒಂದೇ ಯೋಚನೆ.

ಮಾತ್ರೆ ಬಿಟ್ಟಿದ್ದು ಯಜಮಾನರ ಬಾಯಿಂದ ಅತ್ತೆಗೂ ಗೊತ್ತಾಯಿತು, ಆದರೂ ಬೈಯದೆ ತಡೆದುಕೊಂಡಿದ್ದರು. ನಾಲ್ಕು ತಿಂಗಳು ಒಂದು ಮಾತ್ರೆ ತಪ್ಪಿಸಲಿಲ್ಲ. ರಕ್ತ ನಿಂತಿತು. ಪರೀಕ್ಷೆಗೆ ದಿನ ಗೊತ್ತಾಯಿತು, ಕೈಗೊಂದು ಚೀಟಿ ಕೊಟ್ಟರು. ಹಿಂದಿನ ದಿನ ಏನೂ ತಿನ್ನಬಾರದು. ಮುದ್ದೆ, ಸೊಪ್ಪು, ಕಾಳು, ಬೀಜದ ಹಣ್ಣು ಎರಡು ದಿನ ಮುಂಚೆಯೇ ಬಂದ್. ಎಳನೀರು, ತಿಳಿ ಶರಬತ್ತು, ಹಾಲಿಲ್ಲದ ಟೀ ಮಾತ್ರ ಕುಡೀಬಹುದು. ಸಂಜೆ ಐದಕ್ಕೆ ಪುಡಿ ಕಲಸಿದ ಎರಡು ಲೀಟರ್ ನೀರು ಕುಡಿದು ಹೊಟ್ಟೆ ತೊಳೆದುಕೊಳ್ಳಬೇಕು. ಚೀಟಿಯಲ್ಲಿ ಎಲ್ಲ ಬರೆದಿತ್ತು. ನಾನು ಓದಿದೋಳೇ.

ಆ ದಿನ ಹನ್ನೊಂದು ಗಂಟೆಗೆಲ್ಲ ನನಗೆ ತಲೆ ಸುತ್ತೋಕೆ ಶುರುವಾಯಿತು. ಬೆಳಗಿನ ಹಾಲು ಮುಗಿಸಿ ಬಂದು ಜಗಲಿ ಮೇಲೆ ಕೂತೋಳು ಕೂತೇ ಇದ್ದೆ. ನಮ್ಮ ಮನೆಗಳಲ್ಲಿ ಅಂಬಲಿ ಊಟದ ಲೆಕ್ಕಕ್ಕೆ ಬರಲ್ಲ. ಉಪವಾಸ ಇದ್ದರೂ ಅಂಬಲಿ, ಜ್ವರಕ್ಕೂ ಅಂಬಲಿ, ಬಿಸಿಲಿಗೂ ಅಂಬಲಿ. ಕೂಲಿಯವರು ಗದ್ದೆಗೆ ಬಂದ ತಕ್ಷಣ ಅಂಬಲಿ ಕುಡಿದು, ಆಮೇಲೆ "ಏನೂ ಉಂಡಿಲ್ಲ ಕಣಮ್ಮ" ಅಂತ ನಿಜವಾಗಿಯೂ ನಂಬಿಕೊಂಡು ಹೇಳ್ತಾರೆ. ಅತ್ತೆ ನನ್ನ ಮುಖ ನೋಡಿ ಒಳಗೆ ಹೋದರು. ರಾಗಿ ಅಂಬಲಿ ಮಾಡಿ, ನೀರು ಜಾಸ್ತಿ ಹಾಕಿ, ತಮ್ಮ ಹಳೇ ಬಿಳೀ ಸೀರೆ ತುಂಡಿನಲ್ಲಿ ಎರಡು ಸಲ ಸೋಸಿ ತಂದರು.

"ನೋಡು, ಒಂದು ಚೂರಿಲ್ಲ, ನೀರ್ ನೀರಾಗದೆ. ಕುಡ್ದುಬುಡು. ಕಣ್ಣು ಕತ್ಲೆ ಬಂದು ಹಿತ್ಲಲ್ಲಿ ಬಿದ್ರೆ ನಿನ್ನ ಎತ್ತಕ್ಕೆ ನನ್ ಕೈಲಾದದಾ?"

ಲೋಟದೊಳಗೆ ನೋಡಿದೆ. ನೀರಿನಂಗೇ ಇತ್ತು. ಕುಡಿದೆ. ತಣ್ಣಗೆ ಹೊಟ್ಟೆಗೆ ಇಳಿದು ಪ್ರಾಣ ಬಂತು. ಮೂರು ಗಂಟೆಗೆ ಇನ್ನೊಂದು ಲೋಟ ನಾನೇ ಕೇಳಿ ಈಸಿಕೊಂಡೆ. ಇದನ್ನ ಮರೆಯಬಾರದು. ಎರಡನೇ ಲೋಟ ಕೇಳಿದೋಳು ನಾನೇ.

ಮಾರನೇ ದಿನ ಟೇಬಲ್ ಮೇಲೆ ಎಡಮಗ್ಗುಲಿಗೆ ಮಲಗಿದ್ದೆ. ಮಂಪರು ಬರೋ ಇಂಜೆಕ್ಷನ್ ಕೊಟ್ಟಿದ್ದರೂ ಅರ್ಧಂಬರ್ಧ ಎಚ್ಚರ. ಡಾಕ್ಟರು ಒಳಗೆ ನೀರು ಬಿಡೋದು, ಎಳೆಯೋದು, ಮತ್ತೆ ನೀರು ಬಿಡೋದು ಮಾಡ್ತಾನೇ ಇದ್ದರು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, "ಏನಮ್ಮಾ ಇದು, ಕಂದು ಪುಡಿ ಗೋಡೆಗೆಲ್ಲ ಮೆತ್ಕೊಂಡಿದೆ? ಏನು ತಿಂದ್ರಿ?" ಅಂದರು.

"ಏನೂ ತಿಂದಿಲ್ಲ ಸಾರ್."

"ಏನು ಕುಡಿದ್ರಿ?"

"ಅಂಬ್ಲಿ."

ಪಕ್ಕದಲ್ಲಿದ್ದ ನರ್ಸಮ್ಮ ಹಣೆ ಚಚ್ಚಿಕೊಂಡಳು. ಅವಳೂ ಪಾಂಡವಪುರದ ಕಡೆಯೋಳಂತೆ. "ಅಯ್ಯೋ ಅಕ್ಕಾ, ರಾಗಿ ಎಲ್ಲಿಗಾದ್ರೂ ಕರಗ್ತದಾ? ಹಿಂಗೇ ನಮ್ ಚಿಕ್ಕಪ್ಪನೂ ಕುಡ್ಕಂಡ್ ಬಂದಿದ್ದ" ಅಂದಳು. ಡಾಕ್ಟರಿಗೆ ನಗು ಬರಲಿಲ್ಲ. ಟ್ಯೂಬು ಹೊರಗೆ ತೆಗೆದರು. ಇದರ ಕೆಳಗೆ ಏನಿದ್ದರೂ ಕಾಣಲ್ಲ, ಬಣ್ಣ ಹಾಕಿಯೂ ಪ್ರಯೋಜನ ಇಲ್ಲ, ಹದಿನೈದು ದಿನ ಬಿಟ್ಟು ಸರಿಯಾಗಿ ತೊಳೆದುಕೊಂಡು ಬನ್ನಿ ಅಂದರು. ನಾನು ಡೈರಿಯಲ್ಲಿ ದಿನಾ ಹೇಳೋ ಮಾತು. ಬೇರೆ ದಿನವಾಗಿದ್ದರೆ ನಾನೇ ನಕ್ಕುಬಿಡ್ತಿದ್ದೆ.

ನಗು ಬರಲಿಲ್ಲ, ಸಿಟ್ಟು ಬಂತು. ನಾಲ್ಕು ತಿಂಗಳು ಕಾದು ಕಾದು ಸಾಕಾಗಿತ್ತು. ಒಳಗೆ ಕೂತಿರೋದು ಏನು ಅಂತ ಇವತ್ತಾದರೂ ಗೊತ್ತಾಗ್ತದೆ ಅಂತ ಹೋಗಿದ್ದೆ, ಈಗ ಇನ್ನೂ ಹದಿನೈದು ದಿನ. ಅಷ್ಟರಲ್ಲಿ ಅದು ಬೆಳೆದುಬಿಟ್ಟರೆ? ಬೈಕಿನಲ್ಲಿ ಕೂತು ಬರೋವಾಗ ಕಿರಂಗೂರು ದಾಟೋ ಹೊತ್ತಿಗೆ ನನ್ನ ತಲೆಯಲ್ಲಿ ತಪ್ಪೆಲ್ಲ ಒಬ್ಬರ ಮೇಲೇ ಹೋಗಿ ಕೂತಿತ್ತು. ಮನೆ ಬಾಗಿಲಲ್ಲಿ ಅತ್ತೆ ಕಾಯ್ತಾ ನಿಂತಿದ್ದರು. "ಏನಂದ್ರು?" ಅಂತ ಕೇಳಿದರು.

"ನಿಮ್ ಅಂಬ್ಲಿಯಿಂದ ಎಲ್ಲಾ ಹಾಳಾಯ್ತು ಅಂದ್ರು! ನನ್ನ ಸಾಯ್ಸಕ್ಕೇ ಕುಡುಸುದ್ರಾ? ಒಳ್ಗೆ ಕ್ಯಾನ್ಸರ್ ಕೂತಿದ್ರೆ ಅದ್ಕೆ ಮುಸುಕಾಕ್ಬುಟ್ರಲ್ಲ ನೀವು!" ಅಂತ ಬೀದಿಗೆಲ್ಲ ಕೇಳೋ ಹಂಗೆ ಕಿರುಚಿದೆ.

ಇಷ್ಟು ವರ್ಷದಲ್ಲಿ ನಮ್ಮತ್ತೆ ಮಾತಿಗೆ ಮಾತು ಕೊಡದೆ ಇದ್ದಿದ್ದು ನಾನು ಕಂಡಿರಲಿಲ್ಲ. ಅವತ್ತು ಕೊಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು, ಆಮೇಲೆ ಹಿತ್ತಲಿಗೆ ಹೋಗಿ ಹಸು ಹತ್ತಿರ ಕೂತರು. ಯಾವತ್ತೂ ನಡುವೆ ಬಾಯಿ ಹಾಕದ ಯಜಮಾನರು ಅವತ್ತು ಬೈಕಿನ ಕೀಲಿ ಗೂಡಿಗೆ ಇಡ್ತಾ ಒಂದೇ ಮಾತು ಅಂದರು: "ಅವ್ವ ಎರಡು ಲೋಟ ಕುಡುಸ್ತು. ನೀನು ಒಂಬತ್ತು ವರ್ಸ ಆಸ್ಪತ್ರೆ ಕಡೆ ತಲೇನೇ ಹಾಕ್ಲಿಲ್ಲ." ಅಷ್ಟು ಹೇಳಿ ಗದ್ದೆಗೆ ಹೋದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಾಚಿಕೆಗೂ ಅಳು, ಹೆದರಿಕೆಗೂ ಅಳು. ಆದರೂ ಎದ್ದು ಹೋಗಿ ತಪ್ಪಾಯಿತು ಅನ್ನೋಕೆ ಬಾಯಿ ಬರಲಿಲ್ಲ. ಇಂಥ ಹೊತ್ತಿಗೇ ಬರಲ್ಲ ಈ ಬಾಯಿ.

ಆ ಹದಿನೈದು ದಿನ ಮನೆಯಲ್ಲಿ ಜಗಳವೇ ಇಲ್ಲ. ಸಾರು ಉಪ್ಪಾದರೂ ಅತ್ತೆ ಸುಮ್ಮನೆ ಉಣ್ಣೋರು. ಮಾತ್ರೆ ತಗಂಡ್ಯಾ ಅಂತ ಕೇಳೋದು ಬಿಟ್ಟರು. ಊಟವಾದ ಮೇಲೆ ಮಾತ್ರೆ, ನೀರು ತಂದು ನನ್ನ ಮುಂದಿಟ್ಟು ಹೋಗೋರು. ಅವರು ಬೈದಿದ್ದರೆ ಎಷ್ಟೋ ಸಲೀಸಾಗ್ತಿತ್ತು.

ಎರಡನೇ ಸಲದ ಹಿಂದಿನ ದಿನ ನಾನು ಎಳನೀರು, ಹಾಲಿಲ್ಲದ ಟೀ ಬಿಟ್ಟು ಬೇರೆ ಮುಟ್ಟಲಿಲ್ಲ. ಮಧ್ಯಾಹ್ನ ನೋಡ್ತೀನಿ, ಅತ್ತೆ ಒಲೆ ಹಚ್ಚೇ ಇಲ್ಲ. ಯಜಮಾನರಿಗೆ ಹೋಟೆಲಿನಿಂದ ತರಿಸಿಕೊಳ್ಳೋಕೆ ಹೇಳಿದ್ದಾರೆ. "ನೀವ್ ಉಣ್ಲಿಲ್ವಾ?" ಅಂದೆ. "ಅಸಿವಿಲ್ಲ ಬುಡು" ಅಂದರು. ಸಂಜೆ ನಾನು ಆ ಉಪ್ಪುಪ್ಪು ಹುಳಿಹುಳಿ ನೀರು ಒಂದೊಂದೇ ಲೋಟ ಕುಡಿದು ಹಿತ್ತಲಿಗೆ ಓಡ್ತಿದ್ದರೆ, ಅವರು ಬಾಗಿಲ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಹೊರಗೆ ಬಂದಾಗಲೆಲ್ಲ ಕೈಗೆ ನೀರು ಹಾಕಿ, "ತಿಳಿ ಬಂತಾ?" ಅಂತ ಕೇಳೋರು. ಆರೋ ಏಳೋ ಸಲಕ್ಕೆ ತಿಳಿ ಬಂತು ಅಂದೆ. "ನಾನ್ ನೋಡ್ತೀನಿ ತಡಿ" ಅಂತ ಎದ್ದರು. ಥೂ, ಬ್ಯಾಡ ಕಣತ್ತೆ ಅಂದರೂ ಕೇಳಲಿಲ್ಲ, ಒಳಗೆ ಹೋಗಿ ನೋಡೇ ಬಂದರು. "ಊಂ, ಎಳ್ನೀರಂಗದೆ" ಅಂದರು. ನನಗೆ ನಾಚಿಕೆಯಲ್ಲಿ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನನ್ನ ಹೆತ್ತಮ್ಮ ಇದ್ದಿದ್ದರೂ ಇಷ್ಟು ಮಾಡ್ತಿದ್ದಳೋ ಇಲ್ಲವೋ.

ಈ ಸಲ ಡಾಕ್ಟರು ತಲೆಯಾಡಿಸಿದರು, ಚೆನ್ನಾಗಿ ತೊಳೆದಿದೆ ಅಂತ. ಹುಣ್ಣು ಮಾಗಿತ್ತು. ನೀಲಿ ಬಣ್ಣ ಚಿಮುಕಿಸಿಕೊಂಡು ನಿಧಾನಕ್ಕೆ ನೋಡಿಕೊಂಡು ಬಂದರು. ಪರದೆಯಲ್ಲಿ ನನ್ನ ಕರುಳು ನೀಲಿಯಾಗಿ ಹೋಗ್ತಾ ಇತ್ತು. ಒಂದು ಕಡೆ ನಿಲ್ಲಿಸಿದರು. ಅಲ್ಲಿ ಅವರೆಕಾಳಿನಷ್ಟು ಒಂದು ಗಂಟು, ನೀಲಿ ಅದರ ಸುತ್ತ ಕೂತು ಅಂಚು ಎದ್ದು ಕಾಣ್ತಿತ್ತು. ತಂತಿ ಕುಣಿಕೆ ಹಾಕಿ ಬುಡಸಮೇತ ತೆಗೆದರು. ಸುತ್ತಲೂ, ಇನ್ನೂ ನಾಲ್ಕಾರು ಕಡೆಯೂ ಚೂರು ತೆಗೆದರು. ಮುಗಿದ ಮೇಲೆ ಹೇಳಿದರು: "ಹೋದ ಸಲ ಸರಿಯಾಗಿ ಈ ಭಾಗದಲ್ಲೇ ನಿಮ್ಮ ರಾಗಿ ಕೂತಿತ್ತು. ಕಂಡಷ್ಟು ನೋಡಿ ಕಳಿಸಿದ್ದರೆ ಇದು ಸಿಗ್ತಿರಲಿಲ್ಲ." ನಾನು ಮಲಗಿದ್ದ ಹಂಗೇ ಕೈ ಮುಗಿದೆ. ವಾಪಸ್ಸು ಕಳಿಸಿದರು ಅಂತ ಬೈದುಕೊಂಡಿದ್ದೆನಲ್ಲ, ಆ ವಾಪಸ್ಸು ಕಳಿಸಿದ್ದೇ ನನ್ನ ಪುಣ್ಯ.

ಗಂಟು ಏನು ಅಂತ ಗೊತ್ತಾಗೋಕೆ ಹತ್ತು ದಿನ. ಆ ಹತ್ತು ದಿನ ಡೈರಿಯಲ್ಲಿ ಒಬ್ಬಳ ಫ್ಯಾಟು ಇನ್ನೊಬ್ಬಳ ಹೆಸರಿಗೆ ಬರೆದೆ. ಗಬ್ಬು ನಾರೋ ಕ್ಯಾನು ಬಂದರೂ ಬೈಯಲಿಲ್ಲ. "ಅಕ್ಕಂಗೆ ಹುಷಾರಿಲ್ವೇನೋ" ಅಂತ ಹೆಂಗಸರು ಗುಸುಗುಸು ಅಂದುಕೊಂಡರು. ಅತ್ತೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಗಂಜಾಂಗೆ ಹೋಗಿ ನಿಮಿಷಾಂಬಗೆ ಕೈ ಮುಗಿದು ಬಂದಿದ್ದರು. ಕುಂಕುಮದ ಪೊಟ್ಟಣ ನನ್ನ ದಿಂಬಿನ ಹತ್ತಿರ ಇಟ್ಟಿದ್ದರು.

ರಿಪೋರ್ಟಿನ ದಿನ ಡಾಕ್ಟರು ಕಾಗದ ಓದೋವಷ್ಟು ಹೊತ್ತು ಯಜಮಾನರು ನನ್ನ ಮೊಣಕೈ ಹಿಡಿದುಕೊಂಡಿದ್ದರು. ನಾಲ್ಕು ಜನರೆದುರು ಅವರು ನನ್ನನ್ನ ಮುಟ್ಟಿದ್ದು ಧಾರೆಯ ದಿನ ಬಿಟ್ಟರೆ ಅವತ್ತೇ. ಡಾಕ್ಟರು ಮುಖ ಎತ್ತಿ ನಕ್ಕರು. ಕ್ಯಾನ್ಸರ್ ಅಲ್ಲ. ಗಂಟಿನೊಳಗೆ ಬದಲಾವಣೆ ಇದ್ದಿದ್ದು ನಿಜ, ಮೊದಲ ಹಂತದ್ದು. ಅಂಚೆಲ್ಲ ಚೊಕ್ಕಟವಾಗಿದೆ, ಪೂರ್ತಿ ಬಂದಿದೆ. ಬೇರೆ ಯಾವ ಚೂರಿನಲ್ಲೂ ಏನೂ ಇಲ್ಲ. ಕರುಳು ತೆಗೆಯೋ ಮಾತು ಈಗಿಲ್ಲ. ಆದರೆ ಒಂದು ಸಲ ಬಂದಿದೆ, ಇನ್ನೊಂದು ಕಡೆ ಬರಬಹುದು. ಆರು ತಿಂಗಳಿಗೆ ಒಂದು ಸಲ ನೋಡೋಣ, ಆಮೇಲೆ ವರ್ಷ ವರ್ಷವೂ ಬರಬೇಕು. "ಚೆನ್ನಾಗಿದ್ದೀನಿ ಅಂತ ಬರದೆ ಇರಬೇಡಿ. ಚೆನ್ನಾಗಿರೋವಾಗಲೇ ಬನ್ನಿ" ಅಂದರು. ಆಗಲಿ ಸಾರ್, ಆಗಲಿ ಸಾರ್ ಅಂತ ಎಷ್ಟು ಸಲ ಅಂದೆನೋ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಇಬ್ಬರೂ ಒಂದೊಂದು ಮಸಾಲೆ ದೋಸೆ ತಿಂದೆವು. ಯಜಮಾನರು ಕಣ್ಣು ಒರೆಸಿಕೊಂಡು ಚಟ್ನಿ ಖಾರ ಅಂದರು. ಖಾರ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು. ನಾನು ಮೆಟ್ಟಿಲ ಮೇಲೆ ಕೂತು ಹೇಳಿದೆ, "ಅತ್ತೆ, ಕ್ಯಾನ್ಸರ್ ಅಲ್ವಂತೆ. ಗಂಟು ಪೂರ್ತಿ ಬಂದ್ಬುಟ್ಟದಂತೆ. ಕರುಳು ತೆಗ್ಯದು ಬ್ಯಾಡ ಅಂದ್ರು. ಅವತ್ತು ನಾನ್ ಅಂದಿದ್ದು ತಪ್ಪಾಯ್ತು."

"ದಿಟ್ವಾ?"

"ದಿಟ."

"ದೇವ್ರಾಣೆಗೂ?"

"ದೇವ್ರಾಣೆಗೂ ಅತ್ತೆ."

ಮಡಿಲಲ್ಲಿದ್ದ ಸೊಪ್ಪನ್ನ ಮೊರಕ್ಕೆ ಹಾಕಿದರು. ಸೆರಗು ಕೊಡವಿಕೊಂಡರು. "ಅಂಗಾರೆ ಇನ್ ನಿನ್ನ ಬೈಬೋದು" ಅಂದರು.

ಶುರು ಮಾಡಿದರು ನೋಡಿ. "ಒಂಬತ್ ವರ್ಸ ಕಣೆ! ಒಂಬತ್ ವರ್ಸ ದಿನಾ ಕೇಳ್ದೆ, ದಿನಾ ಊಂ ಅಂದ್ಯಲ್ಲೇ ಮನೆಹಾಳಿ! ಖಾಲಿ ಡಬ್ಬ ಮಡಿಕ್ಕಂಡು ನಂಗೆ ನಾಟ್ಕ ತೋರ್ಸುದ್ಯಾ? ಊರೋರ ಹಾಲ್ಗೆ ನೀರಾಕುದ್ರೆ ಕಂಡಿಡೀತೀಯ, ನಿನ್ ಹೊಟ್ಟೆ ಒಳ್ಗೆ ಏನಾಯ್ತಾದೆ ಅಂತ ವಸಿ ನೋಡ್ಸಕ್ಕೆ ನಿಂಗೇನ್ ರೋಗ ಬಂದಿತ್ತು?" ಎದುರುಮನೆಯವರು ಬಾಗಿಲಿಗೆ ಬಂದರು. ಅತ್ತೆಗೆ ಯಾವ ಪರಿವೆಯೂ ಇಲ್ಲ. ದನಿ ಏರಿತು, ಏರಿ ಒಡೆಯಿತು. "ನಾನ್ ಮುದ್ಕಿ ಇಲ್ಲಿ ಕೂತಿರಂಗೇ ನೀನ್ ಮುಂದಾಗಿ ಹೊಂಟೋಗ್ಬುಟ್ಟಿದ್ರೆ, ನಾನ್ ಯಾರ್ ಕುಟ್ಟೆ ಜಗ್ಳ ಆಡ್ಲಿ? ಹೇಳು, ಯಾರ್ ಕುಟ್ಟೆ ಆಡ್ಲಿ?"

ಗಳಗಳ ಅಂತ ಅಳ್ತಾನೇ ಬೈದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಅವರಿಗೆ ಎದುರು ಮಾತಾಡಲಿಲ್ಲ. ಬೈಯಲಿ, ಪೂರ್ತಿ ಬೈಯಲಿ ಅಂತ ಮೆಟ್ಟಿಲ ಮೇಲೆ ಕೂತೇ ಇದ್ದೆ.